ಎಕ್ಸ್‌ಚೇಂಜ್ ಆಂಟಿಯ ಭಾನುವಾರಗಳು

ಹೋದ ತಿಂಗಳು ಗೌರಿಬಿದನೂರಿನ ನನ್ನ ಶಾಲೆಯಲ್ಲಿ ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ಫೋನು ನಡುಗಿ ಸುಮ್ಮನಾಯಿತು. ಪಾಠ ಮುಗಿಸಿ ಹೊರಗೆ ಬಂದು ನೋಡಿದರೆ ಚೇತನ್. ಚಿಕ್ಕಬಳ್ಳಾಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಮಗ.

"ಅಕ್ಕ, ಎಕ್ಸ್‌ಚೇಂಜ್ ಆಂಟಿ ಹೋಗ್ಬಿಟ್ರು. ಬೆಳಿಗ್ಗೆ. ನಿಮ್ಮಪ್ಪಂಗೂ ಹೇಳ್ಬಿಡಿ" ಎಂದ.

ಅಪ್ಪನಿಗೆ ಹೇಳಿದೆ. ಅಪ್ಪ ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿದರು. ಆಮೇಲೆ, "ಅಮ್ಮನ್ನ ಕರ್ಕೊಂಡು ಹೊರಡ್ತೀನಿ. ನೀನು ಅಲ್ಲಿಂದಲೇ ಬಸ್ಸಿಗೆ ಬಾ" ಎಂದರು. ನಮ್ಮ ಮನೆಯಲ್ಲಿ ಸಾವಿನ ಮನೆಗೆ ಅಪ್ಪ ತಾವಾಗಿ ಹೊರಡುವುದು ಅಪರೂಪ. ಅದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ದೊಡ್ಡವರು ಮೇಡಂ ಎನ್ನುತ್ತಿದ್ದರು, ಮಕ್ಕಳಿಗೆ ಮಾತ್ರ ಎಕ್ಸ್‌ಚೇಂಜ್ ಆಂಟಿ. ಕುಳ್ಳಗೆ, ದಪ್ಪ ಕನ್ನಡಕ, ಯಾವಾಗಲೂ ಕಾಟನ್ ಸೀರೆ. ಸಿಟ್ಟು ಬಂದರೆ ಬಲಗಿವಿಯನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತ ಅಭ್ಯಾಸ. ಆ ಕೈ ಮೇಲೆದ್ದರೆ ನಾವು ಮಕ್ಕಳು ಎಚ್ಚರವಾಗುತ್ತಿದ್ದೆವು. ಬೈಗುಳ ಸಾಮಾನ್ಯವಾಗಿ ನಮ್ಮ ಅಪ್ಪ ಅಮ್ಮಂದಿರಿಗೆ.

ಅವರು ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿರಲಿಲ್ಲ. ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಕೆಲವು ಮನೆಗಳನ್ನು ಸೇರಿಸಿ ಹಾಡು, ಕುಣಿತ, ಗೊಂಬೆ, ಚಿತ್ರ, ಏನಾದರೊಂದನ್ನು ತೋರಿಸುವುದು. ಕೆಲವು ಸಲ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗುವುದು. ನನ್ನ ದಿನಚರಿಯಲ್ಲಿರುವ ಪ್ರಕಾರ ನಾನು ವೀಣೆ ಕೇಳಿದ್ದು ಮೂರು ಸಲ, ತೊಗಲುಗೊಂಬೆ ನೋಡಿದ್ದು ಎರಡು ಸಲ, ನಂದಿಯ ಗುಡಿಯ ಕಂಬಗಳ ಮುಂದೆ ಕೂತು ಚಿತ್ರ ಬಿಡಿಸಿದ್ದು ನಾಲ್ಕು ಸಲ, ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಮ್ಯೂಸಿಯಂ ನೋಡಿದ್ದು ಒಂದೇ ಸಲ. ಆ ದಿನ ನಮ್ಮಲ್ಲಿ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು ಎಂದೂ ಬರೆದಿದ್ದೇನೆ.

"ನನಗೆ ಹಾಡಕ್ಕೆ ಬರಲ್ಲ, ಕುಣಿಯಕ್ಕೆ ಬರಲ್ಲ. ಲೈನ್ ಕೊಡಕ್ಕೆ ಬರುತ್ತೆ" ಎನ್ನುತ್ತಿದ್ದರು. ಶನಿವಾರ ಸಂಜೆ ಒಂದೊಂದೇ ಮನೆಗೆ ಫೋನ್ ಮಾಡುವರು. ಮೆಸೇಜ್ ಹಾಕಿದರೆ ಸಾಲದೇ ಎಂದು ಯಾರೋ ಕೇಳಿದ್ದಕ್ಕೆ, "ಮೆಸೇಜ್‌ಗೆ ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀರ. ಬಾಯಿಂದ ಬರ್ತೀನಿ ಅಂದೋರು ಬರ್ತಾರೆ" ಎಂದಿದ್ದರು.

ಮಕ್ಕಳನ್ನು ಮಾತ್ರ ಕಳಿಸಿದರೆ ಒಳಗೆ ಬಿಡುತ್ತಿರಲಿಲ್ಲ. ಅಪ್ಪನೋ ಅಮ್ಮನೋ, ಒಬ್ಬರಾದರೂ ಪಕ್ಕದಲ್ಲಿ ಕೂರಬೇಕು. ಒಮ್ಮೆ ಒಬ್ಬ ತಾಯಿ ಮಗಳನ್ನು ಬಾಗಿಲಲ್ಲಿ ಬಿಟ್ಟು, ತರಕಾರಿ ತಂದುಬಿಡ್ತೀನಿ ಮೇಡಂ ಎಂದು ಇಳಿಯುತ್ತಿದ್ದರು. ಆಂಟಿಯ ಕೈ ಕಿವಿಗೆ ಹೋಯಿತು.

"ಕರ್ಕೊಂಡು ಹೋಗಮ್ಮ ಮಗೂನ. ಇಲ್ಲ ನೀನೂ ಕೂತ್ಕೊ."

"ಅವಳು ನೋಡ್ತಾಳೆ ಬಿಡಿ ಮೇಡಂ. ನಂಗೇನ್ ಇದೆಲ್ಲ ಗೊತ್ತಾಗುತ್ತೆ?"

"ಅವಳು ವೀಣೆ ನೋಡಲ್ಲ ಕಣಮ್ಮ. ನಿನ್ನ ಮುಖ ನೋಡ್ತಾಳೆ. ನೀನು ತರಕಾರಿ ಅಂದ್ಕೊಂಡ್ರೆ ಅವಳಿಗೂ ಅದು ತರಕಾರೀನೆ."

ನಾನು ಆ ದಿನದಿಂದ ಗಮನಿಸತೊಡಗಿದೆ. ನಿಜವಾಗಿತ್ತು. ಹೊಸದೇನೋ ಶುರುವಾದರೆ ಮಕ್ಕಳೆಲ್ಲ ಮೊದಲು ತಿರುಗಿ ತಮ್ಮ ತಮ್ಮವರ ಮುಖ ನೋಡುತ್ತಿದ್ದರು. ಇದು ನಗುವಂಥದೇ, ಹೆದರುವಂಥದೇ, ಸುಮ್ಮನೆ ಕೂರುವಂಥದೇ ಎಂದು ಅಲ್ಲಿಂದ ತಿಳಿದುಕೊಂಡು ಆಮೇಲೆ ವೇದಿಕೆಯ ಕಡೆ ತಿರುಗುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಏನು ಅರ್ಥವಾಯಿತು ಎಂದು ಕೇಳುವ ಹಾಗಿರಲಿಲ್ಲ. "ಪರೀಕ್ಷೆ ಮಾಡಬೇಡಿ. ನಾಲ್ಕು ದಿನ ಬಿಡಿ, ಸ್ನಾನ ಮಾಡುವಾಗ ತಾವಾಗೇ ಹೇಳ್ತಾರೆ" ಎನ್ನುತ್ತಿದ್ದರು. ನಿದ್ದೆ ಮಾಡುವವರನ್ನು ಎಬ್ಬಿಸುವ ಹಾಗೂ ಇರಲಿಲ್ಲ. ಸ್ಕಂದಗಿರಿ ಬುಡದ ಹಳ್ಳಿಯಿಂದ ಹೆಂಡತಿ ಮಗಳೊಂದಿಗೆ ಬರುತ್ತಿದ್ದ ಗೌಡರೊಬ್ಬರಿದ್ದರು. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೂಕೋಸು ಹಾಕಿ ನೇರವಾಗಿ ಹಾಲ್‌ಗೆ ಬಂದು, ಶ್ರುತಿ ಹಿಡಿಯುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಅವರ ಹೆಂಡತಿ ಮೊಣಕೈಯಿಂದ ತಿವಿದರೆ ಆಂಟಿ ತಡೆಯುವರು: "ಮಲಗಲಿ ಬಿಡಮ್ಮ. ವೀಣೆ ಮುಂದೆ ಮಲಗಿದಾರೆ, ಟಿವಿ ಮುಂದೆ ಅಲ್ಲವಲ್ಲ."

ಒಮ್ಮೆ ಬಸ್ಸು ಮಾಡಿಕೊಂಡು ಮುರುಗಮಲ್ಲದ ದರ್ಗಾಕ್ಕೆ ಕವ್ವಾಲಿ ಕೇಳಲು ಹೋದೆವು. ಚಿಂತಾಮಣಿ ದಾಟುವವರೆಗೂ ಬಸ್ಸಿನಲ್ಲಿ ಗುಸುಗುಸು. ಕೊನೆಗೆ ಚೇತನನ ಅಮ್ಮ, ನಮ್ಮ ಓನರ್ ಆಂಟಿ, ಎದ್ದು ಬಂದು ಕೇಳಿದರು: "ಮೇಡಂ, ಎಲ್ಲಿಗೆ ಹೋಗಿದ್ರಿ ಅಂತ ನಮ್ಮತ್ತೆ ಕೇಳಿದ್ರೆ ಏನ್ ಹೇಳ್ಲಿ?"

"ಹಾಡು ಕೇಳ್ಕೊಂಡು ಬಂದ್ವಿ ಅನ್ನಿ. ಸುಳ್ಳು ಹೇಳಿದ ಹಾಗೂ ಆಗಲ್ಲ."

ಜನರನ್ನು ಒಂದು ಕಡೆ ಕೂರಿಸಿಬಿಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬ ಗಟ್ಟಿ ನಂಬಿಕೆ ಅವರದು. ಆ ಸಲ ಸರಿಹೋಯಿತು. ಯಾವಾಗಲೂ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾದದ್ದು ನಮ್ಮಿಂದ.

ನಾವು ಚಿಂತಾಮಣಿ ತಾಲ್ಲೂಕಿನವರು. ನನ್ನ ತಾತ, ಅಂದರೆ ಅಪ್ಪನ ಅಪ್ಪ, ಊರಿನಲ್ಲಿ ತಮಟೆ ಬಾರಿಸುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಹೇಳಿಕಳಿಸುವರು, ಹೋಗಲೇಬೇಕು. ಹೆಣದ ಮುಂದೆ ಬಾರಿಸಬೇಕು, ಊಟಕ್ಕೆ ಎಲ್ಲರಿಗಿಂತ ಕೊನೆಗೆ, ದೂರದಲ್ಲಿ ಕೂರಬೇಕು. ಅಪ್ಪ ಡಿಗ್ರಿ ಮುಗಿಸಿ ಖಜಾನೆ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದ ವರ್ಷ ತಾತ ತಮಟೆಯನ್ನು ಒಲೆಗೆ ಹಾಕಿದರಂತೆ. ಆಮೇಲೆ ನಮ್ಮ ಮನೆಯವರು ಬೌದ್ಧರಾದರು. ಬಾಡಿಗೆ ಮನೆ ಕೇಳಲು ಹೋದಾಗ ಓನರ್ ಆಂಟಿ, "ನೀವು ಯಾವ ಕಡೆಯೋರು?" ಎಂದು ಕೇಳಿದ್ದರು. ಅವರು ಕೇಳಿದ್ದು ಏನೆಂದು ಅಪ್ಪನಿಗೆ ಗೊತ್ತಿತ್ತು. "ಚಿಂತಾಮಣಿ ಕಡೆಯೋರು" ಎಂದು ಹೇಳಿ ಸುಮ್ಮನಾದರು. ನಮ್ಮ ಹಜಾರದಲ್ಲಿದ್ದ ಬುದ್ಧನ ಪಟ ನೋಡಿ ಓನರ್ ಆಂಟಿ, ಶೋಗೆ ಚೆನ್ನಾಗಿದೆ ಎಂದಿದ್ದರು. ಹಾಗೆ ನಾಲ್ಕು ವರ್ಷ ನಡೆದಿತ್ತು.

ಭಾನುವಾರಗಳಿಗೆ ಅಪ್ಪ ನನ್ನನ್ನೂ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದುದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಬಾಗಿಲಿಗೆ ಹತ್ತಿರದ ಜಾಗದಲ್ಲೇ ಕೂರುತ್ತಿದ್ದರು. ಕಾರ್ಯಕ್ರಮದ ನಂತರ ಎಲ್ಲರೂ ತಂದ ಡಬ್ಬಿಗಳನ್ನು ಜಮಖಾನದ ಮಧ್ಯೆ ಇಟ್ಟು, ಒಂದು ಮನೆಯ ಮಗು ಇನ್ನೊಂದು ಮನೆಯವರಿಗೆ ಬಡಿಸುವ ಪದ್ಧತಿ ಇತ್ತು. ಅಪ್ಪ ಯಾರಾದರೂ ಬಡಿಸುವವರೆಗೆ ಕಾಯುತ್ತಿದ್ದರು. ತಾವಾಗಿ ಯಾವ ಡಬ್ಬಿಗೂ ಕೈ ಹಾಕಿದ್ದನ್ನು ನಾನು ನೋಡಿರಲಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ, ಅವರೆಕಾಯಿ ಕಾಲ. ಒಂದು ಭಾನುವಾರ ತೊಗಲುಗೊಂಬೆ ಮುಗಿಯಿತು. ಡಬ್ಬಿಗಳು ಮಧ್ಯಕ್ಕೆ ಬಂದವು. ಆಂಟಿ ತುಂಬ ಸಂತೋಷದಲ್ಲಿದ್ದರು. ಎದ್ದು ನಿಂತು ಹೇಳಿದರು:

"ಮುಂದಿನ ವಾರ ತಮಟೆ. ಶಿಡ್ಲಘಟ್ಟದ ಕಡೆ ಹಳ್ಳಿಗೆ ಹೋಗಿ ಒಬ್ಬ ದೊಡ್ಡ ಕಲಾವಿದರನ್ನ ಒಪ್ಪಿಸಿಕೊಂಡು ಬಂದಿದೀನಿ. ಅಲ್ಲಿ ಹೋದ್ಮೇಲೆ ಗೊತ್ತಾಯ್ತು ನೋಡಿ, ಅವರು ಹೊರಗಿನೋರೇ ಅಲ್ಲ. ನಮ್ಮ ಖಜಾನೆ ಸಾರ್‌ಗೆ ಸ್ವಂತ ಸೋದರಮಾವ. ಇಷ್ಟು ದಿನ ನಮಗೆ ಹೇಳೇ ಇಲ್ಲ ಇವರು."

ಹೇಳಿ, ನನ್ನ ತಲೆ ಸವರಿದರು.

ಯಾರನ್ನಾದರೂ ಪರಿಚಯಿಸುವಾಗ ನಮ್ಮ ಕಡೆ ಹೀಗೇ. ಇಂಥವರ ಮಗ, ಇಂಥವರ ಅಳಿಯ ಎಂದು ನಂಟು ಹೇಳಿದರೆ ಮರ್ಯಾದೆ ಕೊಟ್ಟ ಹಾಗೆ. ಅವರು ಕೊಟ್ಟದ್ದೂ ಮರ್ಯಾದೆಯೇ. ಅದು ನಮ್ಮ ಪಾಲಿಗೆ ಏನು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಒಬ್ಬರು, "ಓಹೋ" ಎಂದರು. ಓನರ್ ಆಂಟಿ ಅಪ್ಪನನ್ನು ನೋಡಿ, ಆಮೇಲೆ ಅಮ್ಮನನ್ನು ನೋಡಿ, ಆಮೇಲೆ ತಮ್ಮ ತಟ್ಟೆ ನೋಡಿದರು. ಮಕ್ಕಳು ಬಡಿಸತೊಡಗಿದರು. ಅಮ್ಮನ ಅವರೆಕಾಳು ಉಪ್ಪಿಟ್ಟಿನ ಡಬ್ಬಿ ಮಧ್ಯದಲ್ಲೇ ಇತ್ತು. ಚೇತನ್ ಅದರ ಚಮಚಕ್ಕೆ ಕೈ ಹಾಕಿದ. ತಿರುಗಿ ಅವನ ಅಮ್ಮನ ಮುಖ ನೋಡಿದ. ಕೈ ಹಿಂದೆ ತೆಗೆದ. ಅವನ ನಂತರ ಇನ್ನಿಬ್ಬರು ಹುಡುಗಿಯರು ಆ ಡಬ್ಬಿಯನ್ನು ದಾಟಿ ಪಕ್ಕದ ಪುಳಿಯೋಗರೆಗೆ ಹೋದರು. ಯಾರೂ ಬೇಡ ಎನ್ನಲಿಲ್ಲ. "ಹೊಟ್ಟೆ ತುಂಬೋಯ್ತಪ್ಪ" ಎಂದು ಒಬ್ಬರು ಯಾರಿಗೋ ಹೇಳಿದರು.

ಆಂಟಿ ಅದನ್ನು ನೋಡಿದರು. ತಟ್ಟೆ ತೆಗೆದುಕೊಂಡು ಬಂದು ನಮ್ಮ ಡಬ್ಬಿಯ ಮುಂದೆ ಕೂತರು. ಚಮಚ ಎತ್ತಿದರು.

"ಬೇಡ ಮೇಡಂ. ನೀವೊಬ್ರು ತಿಂದ್ರೆ ಏನೂ ಆಗಲ್ಲ" ಎಂದರು ಅಪ್ಪ, ತಣ್ಣಗೆ. ಮುಚ್ಚಳ ಹಾಕಿ, ಡಬ್ಬಿ ಎತ್ತಿಕೊಂಡು ಮೆಟ್ಟಿಲು ಇಳಿದರು.

ಮರುದಿನ ಬೆಳಿಗ್ಗೆ ಅಪ್ಪ ಆಫೀಸಿಗೆ ಹೊರಡುವ ಮುಂಚೆ ಆಂಟಿ ಬಂದರು. ಓನರ್ ಮನೆ ಕೆಳಗೆ, ನಮ್ಮದು ಮೇಲೆ. ಅವರು ಮೆಟ್ಟಿಲು ಹತ್ತುವಾಗ ಕೆಳಗಿನ ಕಿಟಕಿಯ ಪರದೆ ಸರಿಯಿತು. ಅಪ್ಪ ಕುರ್ಚಿ ತೋರಿಸಿದರು. ಅವರು ಕೂರಲಿಲ್ಲ.

"ತಪ್ಪಾಯ್ತು ಸಾರ್."

"ತಪ್ಪು ನಿಮ್ಮದು. ಮನೆ ಖಾಲಿ ಮಾಡಬೇಕಾಗೋದು ನಾವು" ಎಂದರು ಅಪ್ಪ.

ಅಪ್ಪ ಆಫೀಸಿನ ಬ್ಯಾಗು ಹೆಗಲಿಗೆ ಹಾಕಿಕೊಂಡರು.

"ನಮ್ಮಪ್ಪ ಅದನ್ನ ಒಲೆಗೆ ಹಾಕಿದ್ದು ನನಗೋಸ್ಕರ ಮೇಡಂ. ನನ್ನ ಮಗಳಿಗೆ ತಮಟೆ ತೋರಿಸಿ ಅಂತ ನಿಮ್ಮತ್ರ ಬಂದಿರಲಿಲ್ಲ ನಾನು. ವೀಣೆ ಕೇಳಲಿ ಅಂತ ಬಂದಿದ್ದೆ. ವೀಣೆಯೋರು ಬಂದಾಗ ಅವರ ಸೋದರಮಾವ ಯಾರು ಅಂತ ನೀವು ಹೇಳಲಿಲ್ಲ."

ಆಂಟಿಯ ಕೈ ಕಿವಿಯವರೆಗೆ ಹೋಗಿ ಕೆಳಗೆ ಬಂತು. ಅದು ಸಿಟ್ಟಿಗಲ್ಲ. ಅವರಿಗೆ ಆ ಹೊತ್ತಿನಲ್ಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗಲಿಲ್ಲ ಅನಿಸುತ್ತದೆ.

"ಪ್ರೋಗ್ರಾಂ ನಿಲ್ಲಿಸಿಬಿಡ್ತೀನಿ."

"ಮಾವನಿಗೆ ಏನ್ ಹೇಳ್ತೀರ? ಬರಬೇಡಿ, ಇಲ್ಲಿ ಜನಕ್ಕೆ ಆಗಲ್ಲ ಅಂತಲೇ? ಅವರು ಊರೆಲ್ಲ ಹೇಳ್ಕೊಂಡಿರ್ತಾರೆ, ಚಿಕ್ಕಬಳ್ಳಾಪುರದಲ್ಲಿ ಕುರ್ಚಿ ಹಾಕಿ ಕರೀತಾರೆ ಅಂತ. ನಡೆಸಿ. ನಾವು ಬರಲ್ಲ ಅಷ್ಟೆ."

ಆ ವಾರ ಮನೆಯಲ್ಲಿ ಎಲ್ಲರೂ ಮೆಟ್ಟಿಲಿನ ಸದ್ದಿಗೆ ಕಿವಿ ಕೊಟ್ಟುಕೊಂಡು ಇದ್ದೆವು. ಕೆಳಗಿನವರು ಜಗಳಕ್ಕೆ ಬರಲಿಲ್ಲ, ಅದೇ ಕಷ್ಟವಾಗಿತ್ತು. ಚೇತನ್ ಸೈಕಲ್ಲಿಗೆ ನನ್ನನ್ನು ಕರೆಯುವುದನ್ನು ಬಿಟ್ಟ. ಬುಧವಾರ ನೀರು ಬಂದಾಗ ನಲ್ಲಿಯ ಹತ್ತಿರ ಓನರ್ ಆಂಟಿ ಅಮ್ಮನಿಗೆ ನಗುತ್ತಲೇ ಹೇಳಿದರು: "ಬೇಸಿಗೆಗೆ ನಮ್ಮ ನಾದಿನಿ ಮನೆಯೋರು ಬರ್ತಾರಮ್ಮ. ಮೇಲ್ಗಡೆ ಮನೆ ಬೇಕಾಗ್ಬೋದು. ಈಗ್ಲೇ ಅಲ್ಲ. ಸುಮ್ನೆ ಹೇಳ್ದೆ." ಅಮ್ಮ ಮಂಗಳವಾರ ಎನ್ನುತ್ತಾಳೆ. ದಿನಚರಿಯಲ್ಲಿ ಬುಧವಾರ ಎಂದಿದೆ.

ಶುಕ್ರವಾರ ಅಪ್ಪ ಇಲ್ಲದ ಹೊತ್ತಿಗೆ ಆಂಟಿ ಮತ್ತೆ ಬಂದರು. ಈ ಸಲ ನೇರವಾಗಿ ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತರು. ನಾನು ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದೆ.

"ಎಲ್ಲರೂ ನನಗೆ ಫೋನ್ ಮಾಡ್ತಿದಾರೆ ಕಣಮ್ಮ. ಈ ವಾರ ಮೊದಲ ಸಲ, ನಾನು ಮಾಡೋ ಮುಂಚೆ ಅವರೇ ಮಾಡ್ತಿದಾರೆ. ತಮಟೆ ಬೇಡ ಅಂತ ಒಬ್ರೂ ಅನ್ನಲ್ಲ. ತಮಟೆ ಚೆನ್ನಾಗಿರುತ್ತಂತೆ, ಮಕ್ಕಳು ನೋಡಬೇಕಂತೆ. ಡಬ್ಬಿ ಮಾತ್ರ ಬೇಡ್ವಂತೆ."

"ಯಾಕಂತೆ?" ಎಂದಳು ಅಮ್ಮ.

"ಒಬ್ರಿಗೆ ಮಕ್ಕಳ ಹೊಟ್ಟೆ ಕೆಡುತ್ತಂತೆ. ಒಬ್ರಿಗೆ ಬೆಳಿಗ್ಗೆ ಅಡುಗೆ ಮಾಡಕ್ಕೆ ಟೈಮಿಲ್ವಂತೆ. ಅಂಗಡಿಯೋರು ಹಾಲ್‌ನಲ್ಲಿ ಇರುವೆ ಬರುತ್ತೆ ಅಂದ್ರು. ಗೊಬ್ಬರದ ಅಂಗಡಿಗೆ ಇರುವೆ ಭಯ."

ಅಮ್ಮ ನಕ್ಕಳು. ಆ ವಾರದಲ್ಲಿ ಮನೆಯಲ್ಲಿ ಕೇಳಿದ ಮೊದಲ ನಗು. ಆಂಟಿ ನಗಲಿಲ್ಲ.

"ಡಬ್ಬಿ ಬಿಟ್ಟುಬಿಟ್ರೆ ಎಲ್ಲರೂ ಬರ್ತಾರೆ. ಏನೂ ಆಗದೇ ಇದ್ದ ಹಾಗೆ ನಡ್ಕೊಂಡು ಹೋಗುತ್ತೆ. ಬಿಡದೇ ಇದ್ರೆ ಹಾಲ್ ಹೋಗುತ್ತೆ, ಜನ ಹೋಗ್ತಾರೆ. ಎಂಟು ವರ್ಷ ಕಟ್ಟಿದೀನಿ ಇದನ್ನ." ಒಂದು ಅವರೆಕಾಯಿ ಎತ್ತಿಕೊಂಡು, "ನಾನು ಬಿಡಲ್ಲ ಅಂತ ಹೇಳಿಬಿಟ್ಟೆ. ಎಲ್ಲರಿಗೂ. ಡಬ್ಬಿ ಇಲ್ದೆ ಭಾನುವಾರ ಇಲ್ಲ ಅಂದೆ. ಈಗ ನಿಮ್ಮ ಡಬ್ಬೀನೇ ಬರದೇ ಇದ್ರೆ ನಾನು ಯಾರಿಗೋಸ್ಕರ ಹಾಗಂದೆ ಹೇಳು" ಎಂದರು.

"ನಮಗೋಸ್ಕರ ಅಂತ ಮತ್ತೆ ಎಲ್ಲರ ಮುಂದೆ ಹೇಳ್ತೀರೋ?"

"ಇಲ್ಲ. ಬಾಯಿ ಬಿಡಲ್ಲ."

ಸಂಜೆ ಅಪ್ಪ ಬಂದು ವಿಷಯ ಕೇಳಿ ಸಿಡಿಮಿಡಿಗೊಂಡರು. ಬರಲ್ಲ ಅಂದ ಮೇಲೆ ಬರಲ್ಲ ಎಂದರು. ಅಮ್ಮ ಸಾಮಾನ್ಯವಾಗಿ ಅಪ್ಪನಿಗೆ ಎದುರಾಡುವವಳಲ್ಲ. ಆ ದಿನ ಮೊರದಲ್ಲಿದ್ದ ಕಾಳು ಆರಿಸುತ್ತಾ, ತಲೆ ಎತ್ತದೆ ಹೇಳಿದಳು: "ನೀವು ಬರಬೇಡಿ. ನಾನು ಹೋಗ್ತೀನಿ. ಅವತ್ತು ಮುಚ್ಚಿದ್ದು ನನ್ನ ಡಬ್ಬಿ. ನನ್ನ ಕೇಳಿ ಮುಚ್ಚಲಿಲ್ಲ ನೀವು."

ಮುಂದೆ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನಾವು ಆ ಮನೆ ಬಿಟ್ಟೆವು; ನಾದಿನಿ ಮನೆಯವರು ಬರಲಿಲ್ಲ. ಅಂಗಡಿಯವರು ಹಾಲ್ ವಾಪಸ್ಸು ಪಡೆದರು. ಆಂಟಿ ಆಮೇಲೆ ತಮ್ಮ ಮನೆಯ ಮುಂದಿನ ಶೀಟ್ ಕೆಳಗೆ ಭಾನುವಾರ ನಡೆಸಿದರು. ಮೊದಲಿನಷ್ಟು ಮನೆಗಳು ಮತ್ತೆ ಯಾವತ್ತೂ ಸೇರಲಿಲ್ಲ. ಎಲ್ಲಿಗೂ ಬಸ್ಸು ಮಾಡುವಷ್ಟು ಜನ ಆಗಲಿಲ್ಲ. ಚೇತನ್ ಪಿಯುಸಿಗೆ ಬಂದ ಮೇಲೆ ಮನೆಯಲ್ಲಿ ಹೇಳದೆ ಒಬ್ಬನೇ ಬರತೊಡಗಿದ. ಹಿರಿಯರಿಲ್ಲದೆ ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಆಂಟಿ ಅವನೊಬ್ಬನಿಗಾಗಿ ಮುರಿದರು. ಕೊನೆಕೊನೆಗೆ ಅವರಿಗೆ ಕಿವಿ ಮಂದವಾಗಿ, ಶನಿವಾರದ ಫೋನುಗಳನ್ನು ಅವನೇ ಮಾಡುತ್ತಿದ್ದನಂತೆ. ಇದರಲ್ಲಿ ಯಾವುದು ಲಾಭ, ಯಾವುದು ನಷ್ಟ ಎಂದು ಎರಡು ಸಾಲಿನಲ್ಲಿ ಬರೆದು ನೋಡಿದ್ದೇನೆ. ಲೆಕ್ಕ ಕೂಡುವುದಿಲ್ಲ.

ಆ ತಮಟೆಯ ಭಾನುವಾರ ಅಮ್ಮ ಮೊದಲಿಗಿಂತ ದೊಡ್ಡ ಡಬ್ಬಿ ತೆಗೆದಳು. ಅದೇ ಉಪ್ಪಿಟ್ಟು. ಅಪ್ಪ ನಮ್ಮನ್ನು ಅಂಗಡಿಯ ತನಕ ಬಿಟ್ಟು, ಕೆಳಗೇ ಗೊಬ್ಬರದ ಮೂಟೆಗಳ ಪಕ್ಕ ನಿಂತರು. ಮೇಲೆ ಬರುವುದಿಲ್ಲ ಎಂದರು.

ಮೇಲೆ ಐದು ಮನೆಯವರು ಬಂದಿದ್ದರು. ಹಾಲ್ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಓನರ್ ಆಂಟಿ ಬಂದಿರಲಿಲ್ಲ. ಗೌಡರು, ಅವರ ಹೆಂಡತಿ, ಮಗಳು ಬಂದಿದ್ದರು. ತಾತ, ಅಂದರೆ ಅಪ್ಪನ ಸೋದರಮಾವ, ಬಿಳಿ ಶರ್ಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು, "ಮೀ ನಾಯನ ರಾಲೇದಾ?" ಎಂದು ಕೇಳಿದರು. ಮನೆಯಲ್ಲಿ ಅವರು ಆಡುವುದು ತೆಲುಗು. ಅಪ್ಪ ಕೆಳಗಿದ್ದಾರೆ ಎಂದೆ. ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ.

ತಾರಸಿಯ ಮೇಲೆ ಹುಲ್ಲು ಉರಿಸಿ ತಮಟೆ ಕಾಯಿಸಿಕೊಂಡು ಬಂದರು. ಚರ್ಮಕ್ಕೆ ಬೆರಳು ತಾಕಿಸಿ ನೋಡಿದರು. ಎಡ ಹೆಗಲಿಗೆ ಹಾಕಿಕೊಂಡರು. ಮೊದಲ ಏಟಿಗೆ ಕಿಟಕಿಯ ಗಾಜು ಅದುರಿತು. ಮಕ್ಕಳು ತಿರುಗಿ ದೊಡ್ಡವರನ್ನು ನೋಡಿದರು. ನಾನೂ ಅಮ್ಮನನ್ನು ನೋಡಿದೆ. ಅಮ್ಮನ ಕಣ್ಣು ತಾತನ ಕೈಯ ಮೇಲಿತ್ತು. ಸಾವಿನ ಮನೆಯ ಸದ್ದೆಂದು ಮಾತ್ರ ನನಗೆ ಗೊತ್ತಿದ್ದದ್ದು ಅಲ್ಲಿ ನಡೆದಾಡಿತು, ಓಡಿತು, ತಡೆದು ನಿಂತು ಮತ್ತೆ ಹೊರಟಿತು. ಗೌಡರು ನಿದ್ದೆ ಮಾಡಲಿಲ್ಲ. ತಾತ ಎಷ್ಟು ಹೊತ್ತು ಬಾರಿಸಿದರು ಎಂದು ನಾನು ಬರೆದುಕೊಂಡಿಲ್ಲ. ಗಡಿಯಾರ ನೋಡುವುದು ಮರೆತುಹೋಗಿತ್ತು.

ಮುಗಿಯಿತು. ಡಬ್ಬಿಗಳನ್ನು ಮಧ್ಯೆ ಇಟ್ಟೆವು. ಅಮ್ಮ ಮುಚ್ಚಳ ತೆಗೆದಳು. ಯಾವಾಗಲೂ, ನೀನು ಅಲ್ಲಿ ಬಡಿಸು, ನೀನು ಇಲ್ಲಿ ಬಾ ಎಂದು ಓಡಾಡುವ ಆಂಟಿ ಆ ದಿನ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಯಾರನ್ನೂ ನೋಡಲಿಲ್ಲ. ನಮ್ಮ ಡಬ್ಬಿಯ ಹತ್ತಿರವೂ ಬರಲಿಲ್ಲ. ಮಕ್ಕಳು ಯಾರೂ ಏಳಲಿಲ್ಲ. ಕೆಳಗೆ ರಸ್ತೆಯಲ್ಲಿ ಟೊಮೆಟೊ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

"ಏನಮ್ಮ, ಹೋದ ವಾರ ಉಪ್ಪಿಟ್ಟು ಹಂಗೇ ಎತ್ಕೊಂಡು ಹೋಗ್ಬಿಟ್ರಲ್ಲ. ಇವತ್ತೇನ್ ತಂದಿದೀರ?" ಎಂದರು ಗೌಡರು.

"ಅದೇ" ಎಂದಳು ಅಮ್ಮ.

"ಹೋದ ವಾರದ್ದೇ?"

"ಅಲ್ಲ, ಬೆಳಿಗ್ಗೆ ಮಾಡಿದ್ದು."

ಯಾರೋ ಕಿಸಕ್ಕೆಂದರು. ಗೌಡರ ಹೆಂಡತಿ ಮೆಲ್ಲಗೆ, "ರೀ, ಅವರೆಕಾಳು ನಿಮಗೆ ಗ್ಯಾಸ್ ಆಗುತ್ತೆ" ಎಂದರು.

"ಆಗ್ಲಿ ಬಿಡೇ. ಇವತ್ತು ಆ ಸದ್ದಿಗೆ ನಿದ್ದೆನೂ ಬರಲಿಲ್ಲ, ಹೊಟ್ಟೆ ಹಸೀತಿದೆ. ಎಲ್ಲಿ, ಬಡಿಸಮ್ಮ" ಎಂದು ನನ್ನ ಮುಂದೆ ತಟ್ಟೆ ಹಿಡಿದರು.

ಅವರು ತಿಳಿದು ಮಾಡಿದರೋ, ಹೋದ ವಾರ ನಡೆದದ್ದೇ ಅವರಿಗೆ ಗೊತ್ತಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಡಿಸಿದೆ. ಅವರು ತಿಂದು, ಇನ್ನೊಂದು ಚೂರು ಎಂದರು. ಅವರ ಮಗಳು ಅಪ್ಪನ ಮುಖ ನೋಡಿ ತಾನೂ ತಟ್ಟೆ ಮುಂದೆ ಮಾಡಿದಳು.

ಆಗ ಆಂಟಿ ಗೋಡೆ ಹಿಡಿದು ಎದ್ದರು. ಮೆಟ್ಟಿಲಿನ ತುದಿಗೆ ಹೋಗಿ ಕೆಳಗೆ ಬಗ್ಗಿದರು. "ಸಾರ್, ನಿಮ್ಮ ಮನೆ ಡಬ್ಬಿ ಖಾಲಿಯಾಗ್ತಾ ಇದೆ. ಆಮೇಲೆ ನನ್ನ ಕೇಳಬೇಡಿ" ಎಂದರು. ಬೇರೇನೂ ಹೇಳಲಿಲ್ಲ.

ನಾನು ಗೌಡರ ಮಗಳಿಗೂ ಬಡಿಸಿದೆ. ಆಮೇಲೆ ಮೆಟ್ಟಿಲ ಮೇಲೆ ಅಪ್ಪನ ಚಪ್ಪಲಿಯ ಸದ್ದು. ಅಪ್ಪ ಒಳಗೆ ಬಂದು ತಾತನ ಕಡೆ ಒಮ್ಮೆ ನೋಡಿದರು. ತಾತ, "ಕೂರ್ಚೋರಾ" ಎಂದರು. ಅಪ್ಪ ಕೈ ತೊಳೆದು ಬಂದು ಗೌಡರ ಪಕ್ಕ ಕೂತರು. ನಮ್ಮ ಡಬ್ಬಿಯ ಕಡೆ ತಿರುಗಲಿಲ್ಲ. ಗೌಡರ ಮನೆಯ ಹಾಟ್‌ಬಾಕ್ಸಿನ ಮುಚ್ಚಳ ತಾವೇ ತೆಗೆದು, ಒಳಗೆ ಕೈ ಹಾಕಿ, ಒಂದು ಮುದ್ದೆ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.

ಬಸ್ಸಾರಿನ ಪಾತ್ರೆ ಗೌಡರ ಹೆಂಡತಿಯ ಕೈಯಲ್ಲಿತ್ತು. ಸೌಟು ಗಾಳಿಯಲ್ಲೇ ನಿಂತಿತು. ಅವರು ಹಾಟ್‌ಬಾಕ್ಸ್ ನೋಡಿದರು. ಒಳಗೆ ಇನ್ನೂ ಮುದ್ದೆಗಳಿದ್ದವು. ಗಂಡನನ್ನು ನೋಡಿದರು. ಗಂಡನ ಬಾಯಿ ತುಂಬ ಅಮ್ಮನ ಉಪ್ಪಿಟ್ಟಿತ್ತು. ಅಪ್ಪ ಮುದ್ದೆ ಮುರಿಯದೆ ಕಾಯುತ್ತಿದ್ದರು.

"ಸಾರು ಬಿಸಿ ಇದೆ, ನೋಡ್ಕೊಂಡು" ಎಂದು ಗೌಡರ ಹೆಂಡತಿ ಕೊನೆಗೆ ಬಡಿಸಿದರು. ಆಮೇಲೆ ಅದೇ ಹಾಟ್‌ಬಾಕ್ಸಿನಿಂದ ತಮಗೊಂದು ಮುದ್ದೆ ಎತ್ತಿಕೊಂಡರು.

ಆಂಟಿ ಬಂದು ನನ್ನ ಮುಂದೆ ಕೂತು ತಟ್ಟೆ ಹಿಡಿದರು.

"ಯಾವುದು ಹಾಕ್ಲಿ ಆಂಟಿ?" ಎಂದೆ.

"ಯಾವುದು ಹತ್ರ ಇದೆಯೋ ಅದು ಹಾಕಮ್ಮ" ಎಂದರು.